ಬಿಟ್ಟರಂತೆ

ನಮ್ಮವರು ಗ್ರೂಪ್ ಫೋಟೋ ತೆಗೆಯುವವರು. ಪಾಸ್‌ಪೋರ್ಟು, ತೊಟ್ಟಿಲ ಮಗು, ಹೊಸ ಜೋಡಿ, ಇವನ್ನೆಲ್ಲ ಬೇರೆ ಸ್ಟುಡಿಯೋಗಳಿಗೆ ಧಾರಾಳವಾಗಿ ಬಿಟ್ಟುಕೊಡುತ್ತಾರೆ. ಶಾಲೆಯ ತರಗತಿ, ಆಫೀಸಿನ ಬೀಳ್ಕೊಡುಗೆ, ಒಂದು ಬೆಂಚಿನಲ್ಲಿ ಹಿಡಿಸದಷ್ಟು ದೊಡ್ಡ ಸಂಸಾರ ಅಂದರೆ ಮಾತ್ರ ಅವರಿಗೆ ಹುರುಪು. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಎತ್ತರದವರನ್ನು ಹಿಂದಕ್ಕೆ ತಳ್ಳಿ, ಮಾತು ಬಿಟ್ಟವರನ್ನು ಎರಡು ತುದಿಗೆ ನಿಲ್ಲಿಸಿ, ಯಾರೂ ಕಣ್ಣು ಮುಚ್ಚಕೂಡದು ಎಂದು ಗದರಿ ಬಟನ್ ಒತ್ತುತ್ತಾರೆ. ಆದರೂ ಯಾರೋ ಒಬ್ಬ ಪುಣ್ಯಾತ್ಮ ಮುಚ್ಚಿರುತ್ತಾನೆ. ಅವನ ಕಣ್ಣು ತೆರೆಸುವುದು ನನ್ನ ಕೆಲಸ. ಹಿಂದಿನ ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಅವನದೇ ಇನ್ನೊಂದು ಫೋಟೋದಿಂದ ಕಣ್ಣು ತಂದು ಕೂರಿಸುತ್ತೇನೆ. ಮೊಡವೆ ಅಳಿಸುತ್ತೇನೆ, ಕಾಲರು ನೆಟ್ಟಗೆ ಮಾಡುತ್ತೇನೆ, ಡೈವೋರ್ಸ್ ಆದ ಅಳಿಯನನ್ನು ತೆಗೆದು ಆ ಜಾಗದಲ್ಲಿ ಹೂಕುಂಡ ಇಡುತ್ತೇನೆ.

ಇನ್ನು ಇವರ ಸಿಗರೇಟು. ಅದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನಮ್ಮ ಪರದೆ, ಸೋಫಾ, ನನ್ನ ತಲೆಕೂದಲು, ಎಲ್ಲಕ್ಕೂ ಒಂದೇ ವಾಸನೆ. ಕೆಮ್ಮು ಶುರುವಾದರೆ ಮುಂದಿನ ಸಾಲಿನ ಹಿರಿಯರು ತಾವೇ ಎದ್ದು ನೀರು ತಂದುಕೊಡುವ ಪರಿಸ್ಥಿತಿ ಬಂದಿತ್ತು. ಕೊನೆಗೆ ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಎದೆ ಪರೀಕ್ಷೆ ಮಾಡಿ ಡಾಕ್ಟರು ಇನ್ನಾದರೂ ಬಿಡಿ ಅಂದರು. ದಿನಾ ಬಿಡುತ್ತಲೇ ಇದ್ದೇನಲ್ಲ, ಮೂಗಿನಿಂದಲೂ ಬಿಡುತ್ತೇನೆ ಬಾಯಿಂದಲೂ ಬಿಡುತ್ತೇನೆ ಎಂದು ಇವರು ಹಲ್ಲು ಕಿಸಿದರು. ಎಕ್ಸ್‌ರೇ ತೋರಿಸಿದರೆ, ಲೈಟಿಂಗ್ ಸರಿಯಿಲ್ಲ, ಯಾರು ತೆಗೆದದ್ದು ಎಂದು ಕೇಳಿದರು. ಡಾಕ್ಟರು ನಗಲಿಲ್ಲ. ಇವರನ್ನು ಬಿಟ್ಟು ನನ್ನ ಕಡೆ ನೋಡಿದರು.

ಅಲ್ಲಿಂದ ನಮ್ಮನ್ನು ಮೇಲಿನ ಮಹಡಿಗೆ ಕಳಿಸಿದರು. ಅಲ್ಲಿ ಎರಡು ಕುರ್ಚಿ, ಒಂದು ಪ್ಲಾಸ್ಟಿಕ್ ಗಿಡ ಮತ್ತು ಒಬ್ಬ ಚಿಕ್ಕ ವಯಸ್ಸಿನ ಮೇಡಂ. ಔಷಧಿ ಇಲ್ಲ, ಸೂಜಿ ಇಲ್ಲ, ಬರೀ ಮಾತು. ಸೇದಬೇಕು ಅನ್ನಿಸಿದಾಗ ಕಣ್ಣು ಮುಚ್ಚಿ ಮುಂದೆ ಬರಲಿರುವ ಒಂದು ಒಳ್ಳೆಯ ದಿನವನ್ನು ನೋಡಬೇಕಂತೆ. ಸುಮ್ಮನೆ ಅಲ್ಲ, ಎದುರಿಗೆ ನಡೆಯುತ್ತಿರುವ ಹಾಗೆ. ಯಾರಿದ್ದಾರೆ, ಯಾವ ಬಟ್ಟೆ, ಬಿಸಿಲು ಎಲ್ಲಿಂದ ಬೀಳುತ್ತಿದೆ, ಎಲ್ಲ ಕಾಣಬೇಕು. ದೂರದ ದಿನ ಹತ್ತಿರ ಬಂದಷ್ಟೂ ಕೈಯಲ್ಲಿರುವ ಸಿಗರೇಟು ಸಣ್ಣದಾಗುತ್ತದೆ, ನೋಡುವಷ್ಟರಲ್ಲಿ ಚಪಲ ಇಳಿದುಹೋಗುತ್ತದೆ ಅಂದರು. ನಾನು ಅವರಿಗೆ ನಾಳೆ ಮೇಡಂ ಎಂದು ಹೆಸರಿಟ್ಟೆ. ಇವರಿಗೆ ಮಾತ್ರ ಭಾರಿ ಅವಮಾನವಾಗಿತ್ತು. ಜೀವಮಾನವೆಲ್ಲ ಕಣ್ಣು ಮುಚ್ಚಬೇಡಿ ಎಂದು ಊರಿಗೆಲ್ಲ ಹೇಳಿದವನಿಗೆ ಈ ಹುಡುಗಿ ಕಣ್ಣು ಮುಚ್ಚಲು ಹೇಳುತ್ತಾಳಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದರು.

ಗೊಣಗಿದರೂ ಮಾಡಿದರು. ಮಾಡುವುದಾದರೆ ತಮ್ಮ ಕಸುಬಿನ ರೀತಿಯಲ್ಲೇ ಮಾಡುವ ಮನುಷ್ಯ. ಮೊದಲ ಸಲ ಕಣ್ಣು ಮುಚ್ಚಿದಾಗ ಬರೀ ಖಾಲಿ ಬೆಂಚು ಕಂಡಿತಂತೆ. ಅದರ ಒಂದು ಕಾಲು ಕುಂಟುತ್ತಿತ್ತಂತೆ, ಅದಕ್ಕೆ ಕಾಗದ ಮಡಿಚಿ ಇಟ್ಟರಂತೆ. ಬೆಳಕು ನೋಡಿ ಬೆಂಚನ್ನು ಗೋಡೆಯಿಂದ ಮುಂದಕ್ಕೆ ಎಳೆದರಂತೆ. ಇಷ್ಟಾಗುವಾಗ ಸಿಗರೇಟಿನ ನೆನಪು ಹೋಗಿತ್ತು. ಆಮೇಲೆ ಒಂದೊಂದು ಸಲ ಚಪಲ ಬಂದಾಗಲೂ ಒಬ್ಬೊಬ್ಬರನ್ನು ತಂದು ಕೂರಿಸತೊಡಗಿದರು. ಯಾವ ಸಮಾರಂಭ ಎಂದು ಕೇಳಿದರೆ ಅದು ಅವರಿಗೂ ಗೊತ್ತಿರಲಿಲ್ಲ. ಮುಂದೊಂದು ದಿನ, ಎಲ್ಲರೂ ಚೆನ್ನಾಗಿದ್ದಾರೆ, ಗ್ರೂಪ್ ಫೋಟೋ ತೆಗೆಯಬೇಕು. ಅಷ್ಟೇ.

ಊಟಕ್ಕೆ ಕೂತಾಗ ಅವತ್ತಿನ ವರದಿ ಒಪ್ಪಿಸುತ್ತಿದ್ದರು. ಇವತ್ತು ನಿಮ್ಮಣ್ಣನನ್ನು ಎರಡನೇ ಸಾಲಿಗೆ ಹಾಕಿದೆ, ಇವತ್ತು ಬೀದಿ ತುದಿಯ ಟೈಲರನ್ನು ಬಲಗಡೆ ನಿಲ್ಲಿಸಿದೆ. ಪ್ಯಾಕೆಟ್ಟು ಬೇಗ ಖಾಲಿಯಾಗುವುದು ನಿಂತಿತು. ನನಗೆ ಸಂತೋಷ ತಡೆಯಲಾಗದೆ ನಾಲ್ಕು ಜನಕ್ಕೆ ಹೇಳಿಬಿಟ್ಟೆ. ಶುರುವಾಯಿತು ನೋಡಿ ತಮಾಷೆ.

ಮೊದಲು ಬಂದವನು ನಮ್ಮಣ್ಣ. ಭಾವಮೈದುನನ ಭವಿಷ್ಯದಲ್ಲಿ ತನ್ನನ್ನು ಎರಡನೇ ಸಾಲಿಗೆ ಹಾಕಿದ್ದಕ್ಕೆ ಮುಖ ಊದಿಸಿಕೊಂಡು ಬಂದಿದ್ದ. ಕುರ್ಚಿ ಕೊಡಲಾಗದಿದ್ದರೆ ಬೇಡ, ಕೊನೇಪಕ್ಷ ತಲೆಯಲ್ಲಿ ಕೂದಲು ಇರುವ ಹಾಗೆ ನೋಡಿ ಎಂದು ಚೌಕಾಸಿ ಮಾಡಿದ. ಇವರು ಧಾರಾಳಿ, ಕಣ್ಣು ಮುಚ್ಚಿ ಅಲ್ಲೇ ಕೂದಲು ಕೊಟ್ಟರು. ಅಣ್ಣ ಮಾರನೆಯ ದಿನದಿಂದ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು ಓಡಾಡತೊಡಗಿದ. ಆಮೇಲೆ ಸ್ಟುಡಿಯೋ ಕಟ್ಟಡದ ಓನರು ಬಂದು, ಕಟ್ಟಡ ನನ್ನದು, ನಾನು ನಡುವಿನ ಕುರ್ಚಿಯಲ್ಲೇ ಕೂರಬೇಕು ಅಂದರು. ಮೇಲಿನ ಮನೆಯಲ್ಲಿರುವ ನನ್ನ ಅತ್ತಿಗೆ, ಅಂದರೆ ಇವರ ಅಕ್ಕ, ತನ್ನನ್ನು ಪಕ್ಕದಿಂದ ನೋಡಕೂಡದು, ಎದುರಿನಿಂದಲೇ ನೋಡಬೇಕು, ಅದೂ ಸ್ವಲ್ಪ ಸಣ್ಣಗೆ ಎಂದು ತಮ್ಮನಿಗೆ ತಾಕೀತು ಮಾಡಿದರು. ಟೈಲರು ಇನ್ನೂ ಹೊಲಿಯದ ಕೋಟಿನ ಬಟ್ಟೆ ತಂದು ತೋರಿಸಿ, ಇದನ್ನು ಹಾಕಿಕೊಂಡ ಹಾಗೆ ಕಲ್ಪಿಸಿಕೊಳ್ಳಿ ಅಂದ. ಕ್ಯಾಮೆರಾ ಮುಂದೆ ನಿಲ್ಲಲು ಬರುತ್ತಿದ್ದ ಜನ ಈಗ ನಮ್ಮವರ ಮುಚ್ಚಿದ ಕಣ್ಣಿನ ಮುಂದೆ ನಿಂತು ಬಟ್ಟೆ ಸರಿಮಾಡಿಕೊಳ್ಳುತ್ತಿದ್ದರು.

ನಾನು ಕಾಯುತ್ತಿದ್ದೆ. ಮನೆಯವಳಲ್ಲವೇ, ನನ್ನ ಜಾಗ ಎಲ್ಲಿಗೆ ಹೋಗುತ್ತದೆ, ತಾನಾಗಿ ಬರುತ್ತದೆ ಎಂದು ಬಿಂಕದಿಂದಲೇ ಇದ್ದೆ. ಹಾಲಿನವನು ಬಂದ. ನಮ್ಮ ಬೀದಿಯ ಕುಂಟ ನಾಯಿ ಮುಂದಿನ ಸಾಲಿನಲ್ಲಿ ಮಲಗಿತು. ಹಿಂದೊಮ್ಮೆ ನಮ್ಮ ಮನೆಯ ನಲ್ಲಿ ರಿಪೇರಿ ಮಾಡಿ, ಅದನ್ನು ಇನ್ನೂ ಹಾಳು ಮಾಡಿಹೋದ ಪ್ಲಂಬರ್ ಕೂಡ ಬಂದು ನಿಂತ. ನನ್ನ ಸುದ್ದಿಯೇ ಇಲ್ಲ. ತಡೆಯಲಾಗದೆ ಕೇಳಿದೆ. ಜಾಗ ನೋಡ್ತಾ ಇದೀನಿ ಎಂದು ತಟ್ಟೆಯ ಕಡೆ ನೋಡಿದರು. ಜಗಳವಾಡುವಷ್ಟು ದೊಡ್ಡ ವಿಷಯವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಸುಳ್ಳು ಯಾಕೆ, ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಈ ಮನುಷ್ಯ ಬದುಕಿ ಉಳಿಯಲಿ ಎಂದು ಹಗಲು ರಾತ್ರಿ ಒದ್ದಾಡಿದವಳು ನಾನು. ಅವರು ಬದುಕಿ ಉಳಿದ ಆ ದಿನದಲ್ಲಿ ಪ್ಲಂಬರ್ ಇದ್ದಾನೆ, ನಾನಿಲ್ಲ.

ಅಷ್ಟರಲ್ಲಿ ನಾಳೆ ಮೇಡಂ ಹೊಸದೊಂದು ಕೊಟ್ಟರು. ಆ ಒಳ್ಳೆಯ ದಿನವನ್ನು ಸ್ವಂತ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಚಪಲ ಬಂದಾಗ ಕೇಳಬೇಕು. ಇವರು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದರು. ನಮ್ಮ ಬಾತ್‌ರೂಮಿನಲ್ಲಿ ಪಿಸುಗುಟ್ಟಿದರೂ ಅಡುಗೆಮನೆಗೆ ಭಾಷಣದ ಹಾಗೆ ಕೇಳಿಸುತ್ತದೆ. ಸಾಲು ಸಾಲಾಗಿ ಎಲ್ಲರ ಹೆಸರು ಹೇಳಿದರು. ಬಿಸಿಲು ಎಡಗಡೆಯಿಂದ ಬೀಳ್ತಾ ಇದೆ ಅಂದರು. ಆಮೇಲೆ ದನಿ ತಗ್ಗಿಸಿ, "ಇವಳನ್ನ ಬಿಟ್ಟು ಎಲ್ರೂ ಇದಾರೆ. ಬಿಟ್ಟಿದೀನಿ. ಉಸಿರು ಸಲೀಸಾಗಿದೆ" ಅಂದರು.

ನನ್ನ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಮೇಲೆ ಹೋಗಿ ಅತ್ತಿಗೆಯ ಮುಂದೆ, ನಿಮ್ಮ ತಮ್ಮ ನನ್ನ ಬಿಟ್ಟರು ಎಂದು ಹೇಳಿ ಅತ್ತುಬಿಟ್ಟೆ. ಇಲ್ಲೇ ಎಡವಟ್ಟಾದದ್ದು. ನಮ್ಮ ಜನ ಏನನ್ನು ಬಿಟ್ಟರು, ಯಾರನ್ನು ಬಿಟ್ಟರು ಎಂದು ಪೂರ್ತಿ ಹೇಳುವ ಪೈಕಿಯಲ್ಲ. ಅರ್ಥ ಮಾಡಿಕೊಳ್ತಾರೆ ಬಿಡು ಎಂದು ನುಂಗಿಬಿಡುತ್ತಾರೆ. ಅತ್ತಿಗೆ ಕಿಟಕಿಯಿಂದ ಬಗ್ಗಿ ಎದುರು ಮನೆಗೆ, ಬಿಟ್ಟನಂತೆ ಅಂದರು. ಅದೇ ಬೆಳಿಗ್ಗೆ ಇವರು ಟೈಲರಂಗಡಿಯಲ್ಲಿ ಎದೆಯುಬ್ಬಿಸಿ, ಬಿಟ್ಟೆ ಅಂದಿದ್ದರು. ಒಂದೇ ಪದದ ಎರಡು ಸುದ್ದಿ ಬೀದಿಯ ಎರಡು ತುದಿಯಿಂದ ಹೊರಟು ನಡುವೆ ಕೈಕುಲುಕಿದವು.

ಸಂಜೆ ಓನರು ಸಿಕ್ಕಿದರು. ಬಿಟ್ಟರಂತೆ ಎಂದು ಮೆಲ್ಲಗೆ ಕೇಳಿದರು. ನಾನು ತಲೆ ತಗ್ಗಿಸಿ ಹೌದು ಅಂದೆ. ಒಳ್ಳೇದಾಯ್ತು ಬಿಡಿ, ಇಷ್ಟು ವರ್ಷ ಅಂಟಿಕೊಂಡಿದ್ದ ಪೀಡೆ, ಇನ್ನು ಮನೆಯಲ್ಲಿ ವಾಸನೆ ಇರೋದಿಲ್ಲ, ಅವರ ಮುಖದಲ್ಲಿ ಕಳೆ ಬರುತ್ತೆ ನೋಡ್ತಾ ಇರಿ ಅಂದರು. ನನಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು. ಟೈಲರ್ ಅವರಿಗಿಂತ ಒಂದು ಕೈ ಮೇಲು, ನಾನು ಮಾತ್ರ ಬಿಡೋಕಾಗದೆ ಒದ್ದಾಡ್ತಿದೀನಿ, ದಿನಕ್ಕೆ ಹತ್ತು ಬೇಕೇ ಬೇಕು ಎಂದು ನನ್ನ ಮುಂದೆ ನಿಟ್ಟುಸಿರಿಟ್ಟ. ನಾನು ಅವನ ಹೆಂಡತಿಯ ಮುಖ ನೆನೆದು, ಪಾಪದ ಹೆಂಗಸು ಅಂದುಕೊಂಡೆ.

ಮಾರನೆಯ ದಿನ ನಮ್ಮಣ್ಣ ಬಾಚಣಿಗೆ ಸಮೇತ ಸ್ಟುಡಿಯೋಗೆ ನುಗ್ಗಿದ. ನಾನು ಹಿಂದಿನ ರೂಮಿನಲ್ಲಿ ಯಾವುದೋ ಹೆಡ್‌ಮಾಸ್ಟರ ಕಣ್ಣು ತೆರೆಸುತ್ತಿದ್ದೆ. ನಡುವೆ ಇರುವುದು ಒಂದು ಕರಿ ಬಟ್ಟೆಯ ಪರದೆ, ಎಲ್ಲ ಕೇಳುತ್ತಿತ್ತು.

"ಬಿಟ್ರಂತೆ?" ಅಂದ ಅಣ್ಣ.

"ಹೂಂ ಭಾವ, ಬಿಟ್ಟೆ. ಮೊದಲೆರಡು ದಿನ ಕೈ ನಡುಗ್ತಿತ್ತು. ಈಗ ಹಾಯಾಗಿದೆ."

"ಇಷ್ಟು ವರ್ಷ ಆದ್ಮೇಲೆ?"

"ಮೊದಲೇ ಬಿಡಬೇಕಿತ್ತು. ತೀರಾ ಆಸೆ ಆದ್ರೆ ಟೈಲರ್ ಹತ್ರ ಹೋಗಿ ನಿಂತ್ಕೊಂಡು ಬರ್ತೀನಿ, ಅವರದ್ದು ಇರುತ್ತಲ್ಲ. ನೀವೂ ಬಿಟ್ಟು ನೋಡಿ ಭಾವ, ವಯಸ್ಸು ಕಡಿಮೆ ಆದ ಹಾಗಾಗುತ್ತೆ."

ನಮ್ಮಣ್ಣ ಸಿಗರೇಟು ಮುಟ್ಟಿದವನಲ್ಲ. ಬಿಡುವುದಕ್ಕೆ ಅಂತ ಅವನ ಹತ್ತಿರ ಇರುವುದು ಹೆಂಡತಿ ಒಬ್ಬಳೇ. ಅವನು ಇವರ ಕಾಲರಿಗೆ ಕೈ ಹಾಕಿದ. ಟ್ರೈಪಾಡ್ ಬಿತ್ತು, ಲೈಟಿನ ಛತ್ರಿ ಬಿತ್ತು, ಬೆಂಚಿನ ಮೇಲೆ ಇಬ್ಬರೂ ಬಿದ್ದರು. ನಾನು ಪರದೆ ಸರಿಸಿ ಬಂದು ನಿಂತೆ. ಅಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದೆ.

"ಏನನ್ನ ಬಿಟ್ರಿ?"

ಬೆಂಚಿನ ಮೇಲೆ ಅಣ್ಣನ ಕೆಳಗೆ ಸಿಕ್ಕಿಕೊಂಡಿದ್ದ ಇವರು, ಇದೇನು ಪ್ರಶ್ನೆ ಎಂಬಂತೆ ನೋಡಿದರು. "ಸಿಗರೇಟು ಬಿಟ್ಟೆ. ಇನ್ನೇನು ಬಿಡ್ತಾರೆ?"

"ಮತ್ತೆ ನನ್ನನ್ನ?"

ಇವರು ಸುಳ್ಳು ಹೇಳಬಹುದಿತ್ತು. ಆದರೆ ಎದೆಯ ಮೇಲೆ ಭಾವ ಕೂತಿರುವಾಗ ಸುಳ್ಳು ಹೊಳೆಯುವುದು ಕಷ್ಟ. "ನಿನ್ನನ್ನೂ ಬಿಟ್ಟಿದೀನಿ" ಅಂದರು. "ಫೋಟೋದಿಂದ ಅಷ್ಟೇ."

ಅಣ್ಣನನ್ನು ಸಮಾಧಾನ ಮಾಡಿ ಕಳಿಸಿದೆ. ಹೋಗುವಾಗ ತನ್ನ ಕೂದಲಿಗೆ ಏನೂ ತೊಂದರೆ ಆಗಬಾರದು ಎಂದು ಹೇಳಿಹೋದ. ನಾನು ಶಟರ್ ಅರ್ಧ ಎಳೆದು, ಇವರನ್ನು ಸ್ಟುಡಿಯೋ ಹಿಂದಿನ ಮೆಟ್ಟಿಲಿಗೆ ಕರೆದುಕೊಂಡು ಹೋದೆ.

ಈ ಮೆಟ್ಟಿಲ ಬಗ್ಗೆ ಹೇಳಬೇಕು. ಮದುವೆಯಾದಾಗಿನಿಂದ ದಿನದ ಕೆಲಸ ಮುಗಿದ ಮೇಲೆ ಇವರು ಅಲ್ಲಿ ಕೂತು ಸೇದುವುದು, ನಾನು ಎರಡು ಲೋಟ ಟೀ ತಂದು ಗಾಳಿ ಬರುವ ಕಡೆ ಕೂರುವುದು. ಇವರು ಮಾತಾಡುವ ಮನುಷ್ಯ ಅಲ್ಲ. ಮನೆಯಲ್ಲಿ ಹೂಂ, ಉಹೂಂ, ಉಪ್ಪು ಕೊಡು. ಸ್ಟುಡಿಯೋದಲ್ಲಿ ಹಿಂದೆ ಸರಿ, ಮುಂದೆ ಬಾ. ಒಂದು ಸಿಗರೇಟು ಉರಿದು ಮುಗಿಯುವಷ್ಟು ಹೊತ್ತು ಮಾತ್ರ ಅವರ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ತನ್ನ ಅಪ್ಪನ ಬಗ್ಗೆ ಹೇಳಿದ್ದು ಅಲ್ಲಿ. ನಮಗೆ ಮಕ್ಕಳಾಗುವುದಿಲ್ಲ ಎಂದು ಗೊತ್ತಾದ ದಿನ, ನನಗೆ ನೀನಿದ್ದೀಯಲ್ಲ ಅಂದದ್ದೂ ಅಲ್ಲೇ. ಹೊಗೆಗೆ ಕಣ್ಣುರಿ ಎಂದು ಬೈದುಕೊಂಡೇ ನಾನು ಅಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದೆ. ಬಿಡಲು ಶುರುಮಾಡಿದ ಮೇಲೆ ಅವರು ಆ ಕಡೆ ಬಂದೇ ಇರಲಿಲ್ಲ. ಊಟದ ಹೊತ್ತಿನ ಆ ವರದಿ ಬಿಟ್ಟರೆ ನಾವು ಮಾತಾಡಿಯೂ ಇರಲಿಲ್ಲ.

ಈಗ ಸಿಗರೇಟಿಲ್ಲದೆ ಕೂತರು. ಕೈ ಎಲ್ಲಿಡಬೇಕು ಎಂದು ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಂಡರು, ತೆಗೆದರು, ಮತ್ತೆ ಇಟ್ಟುಕೊಂಡರು.

"ಎಲ್ಲರಿಗಿಂತ ಮೊದಲು ನಿನ್ನನ್ನೇ ತಂದು ಕೂರಿಸಿದ್ದೆ" ಅಂದರು. "ನೀನು ಬಂದು ಕೂತ ತಕ್ಷಣ ಕೈ ಜೇಬಿಗೆ ಹೋಗುತ್ತೆ. ಎಷ್ಟು ಸಲ ಮಾಡಿದ್ರೂ ಅಷ್ಟೇ. ಮೇಡಂಗೆ ಹೇಳಿದೆ. ಯಾವುದು ಆಸೆ ತರುತ್ತೋ ಅದನ್ನ ಚಿತ್ರದಿಂದ ಹೊರಗಿಡಿ ಅಂದ್ರು. ಆಶ್‌ಟ್ರೇ ತೆಗೆದೆ, ಲೈಟರ್ ತೆಗೆದೆ, ನಿನ್ನ ತೆಗೆದೆ."

ಕೋಪ ಬಂತು, ನಗು ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ಇಷ್ಟು ವರ್ಷ ಇವರ ಜೊತೆ ಬಾಳಿ ನಾನು ಕೊನೆಗೆ ಆಶ್‌ಟ್ರೇ, ಲೈಟರಿನ ಸಾಲಿಗೆ ಸೇರಿದ್ದೆ. ಊರಲ್ಲಿ ಯಾರಿಗೂ ಇಂಥ ಮರ್ಯಾದೆ ಸಿಕ್ಕಿರಲಾರದು. ಎದ್ದು ಹೋಗಬಹುದಿತ್ತು. ನೀವು ಉಳಿದರೆ ಸಾಕು, ನನ್ನನ್ನು ಬಿಟ್ಟೇ ಬಿಡಿ ಎಂದು ತ್ಯಾಗಮಯಿಯ ಹಾಗೆ ಹೇಳಲೂಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನನಗೆ ಅಂಥ ದೊಡ್ಡ ಮನಸ್ಸಿಲ್ಲ. ನನಗೆ ಇವರೂ ಬೇಕು, ಇವರ ಪಕ್ಕದ ಜಾಗವೂ ಬೇಕು.

"ನಾನೂ ಒಂದು ಚಿತ್ರ ನೋಡ್ತೀನಿ" ಅಂದೆ. "ನನಗೆ ಯಾವ ಮೇಡಮ್ಮೂ ಹೇಳಿಕೊಟ್ಟಿಲ್ಲ. ನೀವು ಕೆಮ್ಮಿದಾಗಲೆಲ್ಲ ತಾನೇ ಬರುತ್ತೆ."

ಯಾವ ಚಿತ್ರ ಎಂದು ಕೇಳಿದರು.

"ಗ್ರೂಪ್ ಫೋಟೋನೇ. ಎಲ್ಲರೂ ಇದೀವಿ. ಅಣ್ಣ ಇದಾನೆ, ನಿಮ್ಮಕ್ಕ ಇದಾರೆ, ನಾನಿದೀನಿ. ಸಾಲಾಗಿ ನಿಂತಿದೀವಿ. ಎದುರಿಗೆ ಸ್ಟ್ಯಾಂಡ್ ಇದೆ, ಕ್ಯಾಮೆರಾ ಇದೆ. ಅದರ ಹಿಂದೆ ಯಾರೂ ಇಲ್ಲ. ಕಣ್ಣು ಮುಚ್ಚಬೇಡಿ ಅಂತ ಹೇಳೋರೇ ಇಲ್ಲ. ಆದರೂ ನಾವ್ಯಾರೂ ಕಣ್ಣು ಮುಚ್ಚದೆ ಕಾಯ್ತಾ ನಿಂತಿದೀವಿ."

ಗೋಡೆಯ ಮೇಲೆ ಬೆಕ್ಕೊಂದು ಹಾದುಹೋಯಿತು. ನಾನು ಅತ್ತದ್ದನ್ನು ಅವರು ನೋಡಿದರು, ಅವರು ನೋಡಿದ್ದನ್ನು ನಾನು ನೋಡಿದೆ. ಇವರು ಕಣ್ಣು ಮುಚ್ಚಿಕೊಂಡರು. ಅವರ ಮುಖ ನೋಡಿದರೆ ಒಳಗೆ ಭಾರಿ ಗಲಾಟೆ ನಡೆಯುತ್ತಿದ್ದ ಹಾಗಿತ್ತು. ಯಾರನ್ನೋ ಎಬ್ಬಿಸುತ್ತಿದ್ದರು, ಯಾರನ್ನೋ ಸರಿಸುತ್ತಿದ್ದರು. ಹುಬ್ಬು ಗಂಟಿಕ್ಕಿ, ಪ್ಲಂಬರ್ ಹೋಗಲ್ಲ ಅಂತಾನೆ ಎಂದು ಗೊಣಗಿದರು. ಆಮೇಲೆ ಹುಬ್ಬು ಸಡಿಲವಾಯಿತು. ಬಲಗೈ ಮಂಡಿಯಿಂದ ಎದ್ದು, ತನ್ನಷ್ಟಕ್ಕೆ ತಾನೇ, ಜೇಬಿನ ಕಡೆ ಹೊರಟಿತು.

"ಬಂದೆ ನೋಡು" ಅಂದರು ಕಣ್ಣು ತೆರೆಯದೆ. "ನೀನು ಬಂದೆ. ಕೈ ಹೋಯ್ತು."

"ಹೋಗ್ಲಿ. ಜೇಬಲ್ಲಿ ಏನಿದೆ?"

ತಡಕಾಡಿದರು. "ಏನಿಲ್ಲ. ಕರ್ಚೀಫು."

"ಅದನ್ನೇ ಹಿಡ್ಕೊಂಡು ಕೂತ್ಕೊಳ್ಳಿ."

ಹಿಡಿದುಕೊಂಡು ಕೂತರು. ನಾನೂ ಕೂತೆ. ಕತ್ತಲಾಗುತ್ತಾ ಬಂತು. ಇಬ್ಬರಿಗೂ ಗೊತ್ತಿತ್ತು, ಈಗ ಮಾತಾಡಬೇಕು, ಆಡದಿದ್ದರೆ ಆ ಕೈ ನಾಳೆ ಅಂಗಡಿಯ ದಾರಿ ಹಿಡಿಯುತ್ತದೆ. ಆದರೆ ಏನಂತ ಆಡುವುದು? ಡಾಕ್ಟರ ವರಾಂಡದಲ್ಲಿ ಪಕ್ಕಪಕ್ಕ ಕೂತ ಅಪರಿಚಿತರ ಹಾಗೆ ಮುಂದೆ ನೋಡುತ್ತಾ ಇದ್ದೆವು. ಇವರು ಗಂಟಲು ಸರಿಮಾಡಿಕೊಂಡರು. ಹಣೆಯ ಮೇಲೆ ಬೆವರಿತ್ತು. ಏನೋ ದೊಡ್ಡದನ್ನು ಹೇಳುತ್ತಾರೆ ಎಂದು ನಾನು ಉಸಿರು ಬಿಗಿಹಿಡಿದೆ.

"ಊಟ ಆಯ್ತಾ?" ಅಂದರು.

ಮಧ್ಯಾಹ್ನ ಅವರ ತಟ್ಟೆಗೆ ಬಡಿಸಿ ಪಕ್ಕದಲ್ಲೇ ಕೂತು ಉಂಡವಳು ನಾನು. ನಗಬಾರದು ಎಂದು ತುಟಿ ಕಚ್ಚಿದೆ. ಆ ಮನುಷ್ಯ ಸಿಗರೇಟಿಲ್ಲದೆ ನನ್ನೊಡನೆ ಸುಮ್ಮನೆ ಮಾತಿಗೆಂದು ಆಡಿದ ಮೊದಲ ಮಾತು ಅದು, ಎಷ್ಟು ಕಷ್ಟಪಟ್ಟು ಹೊರತಂದಿದ್ದರು.

"ಆಯ್ತು. ನಿಮ್ದು?" ಅಂದೆ.

"ಆಯ್ತು" ಅಂದರು. ಸ್ವಲ್ಪ ಯೋಚಿಸಿ, ಧೈರ್ಯ ತಂದುಕೊಂಡು, "ಏನ್ ಅಡುಗೆ?" ಎಂದು ಕೇಳಿದರು.

ಏನು ಮಾಡಿದ್ದೆ ಎಂದು ನಾನು ಮೊದಲಿನಿಂದ, ನಿಧಾನವಾಗಿ, ಎಲ್ಲವನ್ನೂ ಹೇಳತೊಡಗಿದೆ.